ನಿಯಮದ ಪುಸ್ತಕ ಕನ್ನಡದಲ್ಲಿ ಬರಲಿ
(ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸು ಸೇರಿದವನು. ಕೈಗೆ ಮಸಿ ಮೆತ್ತಿಕೊಂಡೇ ಬೆಳೆದವನು. ಆದರೂ ಇವತ್ತು ನಿಮ್ಮ ಮಾರ್ಕ್ಸ್ ಕಾರ್ಡಿನ ಬಗ್ಗೆ ಮಾತಾಡಲು ನಿಂತಿದ್ದೇನೆ. ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಒಂದು ಇಂಜಿನಿಯರಿಂಗ್ ಕಾಲೇಜಿನ ನಿಯಮಾವಳಿ ನಮ್ಮಲ್ಲಿ ಅಚ್ಚಾಯಿತು. ಪೂರ್ತಿ ಇಂಗ್ಲಿಷು. ಪ್ರೂಫ್ ತಿದ್ದಿದವನು ನಾನೇ. ಸ್ಪೆಲ್ಲಿಂಗ್ ನೋಡಿದೆ, ಅರ್ಥ ನೋಡಲಿಲ್ಲ. ಮಡಿಸಿ ಹೊಲಿದವರು ನಮ್ಮ ಬೈಂಡರ್. ಅವರ ಮಗ ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಐದು ವಿಷಯ ಬಾಕಿ ಉಳಿಸಿಕೊಂಡಿದ್ದ. ಮುಂದೆ ಒಟ್ಟಿಗೆ ಕಟ್ಟಿ ಬರೆದರಾಯಿತು ಎಂದುಕೊಂಡಿದ್ದ. ನಾಲ್ಕಕ್ಕಿಂತ ಹೆಚ್ಚು ಬಾಕಿಯಿದ್ದರೆ ಮೂರನೇ ವರ್ಷಕ್ಕೆ ಪ್ರವೇಶವಿಲ್ಲವೆಂದು ಆ ಪುಸ್ತಕದಲ್ಲೇ ಇತ್ತು! ಹುಡುಗನ ಒಂದು ವರ್ಷ ಹೋಯಿತು.

'ಯಜಮಾನ್ರೇ, ನೀವಾದ್ರೂ ಓದಿ ಹೇಳಬಾರದಿತ್ತಾ?' ಎಂದರು ಆ ತಂದೆ. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಕೂತು ಓದಿದೆ. ಲೆಕ್ಕ ಕಷ್ಟದ್ದಲ್ಲ, ಕೇಳಿ. ಯುಜಿಸಿಯ ಹತ್ತು ಪಾಯಿಂಟಿನ ಪದ್ಧತಿಯಲ್ಲಿ ಓ ಎಂದರೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4. ಎಫ್ ಎಂದರೆ ಸೊನ್ನೆ. ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಪ್ರಾಕ್ಟಿಕಲ್ ಇದ್ದರೆ ಒಂದು ಕ್ರೆಡಿಟ್. ಪ್ರತಿ ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿ. ಅದೇ ಎಸ್‌ಜಿಪಿಎ.

4 ಕ್ರೆಡಿಟ್‌ನ ವಿಷಯದಲ್ಲಿ ಎ ಪ್ಲಸ್, ಇನ್ನೊಂದು 4 ಕ್ರೆಡಿಟ್‌ನದರಲ್ಲಿ ಬಿ, 3 ಕ್ರೆಡಿಟ್‌ನದರಲ್ಲಿ ಎ, 1 ಕ್ರೆಡಿಟ್‌ನ ಲ್ಯಾಬಿನಲ್ಲಿ ಓ ಬಂತೆನ್ನಿ. 36, 24, 24, 10 ಸೇರಿ 94. ಹನ್ನೆರಡರಿಂದ ಭಾಗಿಸಿದರೆ 7.83. ಬಿ ಬಂದ ವಿಷಯದಲ್ಲಿ ಎಫ್ ಆಗಿದ್ದರೆ? 5.83ಕ್ಕೆ ಕುಸಿತ! ಅದೇ ಲ್ಯಾಬಿನಲ್ಲಿ ಎಫ್ ಆದರೆ 7. ಯಾವ ವಿಷಯಕ್ಕೆ ಎಷ್ಟು ತೂಕವೆಂದು ಮೊದಲೇ ತಿಳಿದಿರಬೇಡವೇ?

ಆದ್ದರಿಂದ ಕಾಲೇಜು ಸೇರಿದ ವಾರವೇ ನಾಲ್ಕು ಪ್ರಶ್ನೆ ಕೇಳಿ. ಹಾಜರಾತಿ ಎಷ್ಟಿರಬೇಕು? ಇಂಟರ್ನಲ್ಸ್‌ನಲ್ಲಿ ಕನಿಷ್ಠ ಎಷ್ಟು? ಎಷ್ಟು ಬಾಕಿಗೆ ವರ್ಷ ನಿಲ್ಲುತ್ತದೆ? ಪಾಯಿಂಟನ್ನು ಶೇಕಡಾಕ್ಕೆ ತರುವ ಸೂತ್ರ ಯಾವುದು? ವಿಶ್ವವಿದ್ಯಾಲಯ ಬದಲಾದರೆ ಉತ್ತರವೂ ಬದಲಾಗುತ್ತದೆ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಇಂಜಿನಿಯರಿಂಗನ್ನು ಕನ್ನಡದಲ್ಲೂ ಕಲಿಸಬಹುದೆಂದು 2021ರಲ್ಲಿ ಎಐಸಿಟಿಇ ಒಪ್ಪಿತು. ಪಾಠ ಇಂಗ್ಲಿಷಿನಲ್ಲಿದ್ದರೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು 2023ರಲ್ಲಿ ಯುಜಿಸಿಯೇ ವಿಶ್ವವಿದ್ಯಾಲಯಗಳಿಗೆ ಹೇಳಿತು. ಉತ್ತರಕ್ಕೆ ಆಗುವ ಕನ್ನಡ ನಿಯಮಕ್ಕೆ ಆಗದೇ? ಶುಲ್ಕ ಕಟ್ಟುವ ತಂದೆ ತಾಯಿಗೆ ಅರ್ಥವಾಗದ ನಿಯಮ ಯಾರಿಗಾಗಿ?

ಪ್ರಿನ್ಸಿಪಾಲರಿಗೆ ಕನ್ನಡದಲ್ಲೇ ಅರ್ಜಿ ಕೊಡಿ. ಅವರು ಮಾಡದಿದ್ದರೆ ನೀವೇ ಕನ್ನಡಕ್ಕೆ ತನ್ನಿ, ಬಲ್ಲ ಮೇಷ್ಟರಿಂದ ತಿದ್ದಿಸಿ. ಅಚ್ಚಿನ ಕೂಲಿ ನನಗೆ ಬೇಡ, ಕಾಗದದ ಖರ್ಚು ಸಾಕು. ಹೊಲಿಯಲು ನಮ್ಮ ಬೈಂಡರ್ ಸಿದ್ಧರಿದ್ದಾರೆ. ಈ ಸಲ ಓದಿಕೊಂಡೇ ಹೊಲಿಯುತ್ತಾರೆ.