ಅಮೆರಿಕಾದ ರಾಜ್ಯಪದ್ಧತಿಯೂ ನಮ್ಮ ಗಡಿಕಲ್ಲುಗಳೂ

(ಚಿತ್ರದುರ್ಗದಲ್ಲಿ ಮಾಡಿದ ಭಾಷಣ)



ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಿಸಿಲನ್ನು ಲೆಕ್ಕಿಸದೆ ಬಂದಿರುವ ತಮ್ಮೆದುರು ಅಮೆರಿಕಾ ದೇಶದ ರಾಜ್ಯಪದ್ಧತಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಮಗೆ ಅಪ್ಪಣೆಯಾಗಿದೆ. ಅಷ್ಟು ದೂರದ ಸುದ್ದಿ ನಮಗೇಕೆಂದು ಕೇಳುವವರು ಇಲ್ಲದಿಲ್ಲ. ಕನ್ನಡನಾಡು ಒಂದಾದ ಬಗೆಯು ಆ ದೇಶದಲ್ಲಿ ಏಕೆ ಸಾಧ್ಯವಾಗುತ್ತಿರಲಿಲ್ಲವೆಂಬುದನ್ನು ಅರಿತರೆ, ನಮಗೆ ದೊರೆತುದರ ಬೆಲೆಯೂ ಕಳೆದುದರ ಕಾರಣವೂ ತಿಳಿದಾವು.

೧೭೮೭ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಕೂಡಿದವರು ಒಬ್ಬ ಅರಸನ ಕೈಯಿಂದ ಆಗತಾನೆ ಬಿಡಿಸಿಕೊಂಡವರು. ಇನ್ನೊಬ್ಬ ಅರಸನು ತಮ್ಮಲ್ಲಿಯೇ ಹುಟ್ಟಬಾರದೆಂಬುದೇ ಅವರ ಚಿಂತೆ. ನಮ್ಮ ದುರ್ಗದ್ದು ಏಳು ಸುತ್ತಿನ ಕೋಟೆ. ಒಂದು ಬಾಗಿಲು ಹಗೆಯ ವಶವಾದರೆ ಮುಂದಿನದು ಅವನನ್ನು ತಡೆಯಬೇಕು. ಅವರಾದರೋ, ಅಧಿಕಾರ ಹಿಡಿದವನೇ ನಾಳೆ ಹಗೆಯಾದಾನೆಂದು ಬಗೆದು, ಒಳಗಿನಿಂದಲೇ ಕೋಟೆಯನ್ನು ಕಟ್ಟಿದರು. ಕಾಂಗ್ರೆಸ್ಸೆಂಬ ಶಾಸನಸಭೆಗೆ ಎರಡು ಮನೆಗಳು. ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆಗನುಸಾರ ೪೩೫ ಮಂದಿ, ಎರಡು ವರ್ಷಕ್ಕೆ. ಸೆನೆಟ್ಟಿನಲ್ಲಿ ಹಿರಿದು ಕಿರಿದೆನ್ನದೆ ಸಂಸ್ಥಾನಕ್ಕೆ ಇಬ್ಬರಂತೆ ೧೦೦ ಮಂದಿ, ಆರು ವರ್ಷಕ್ಕೆ. ಎರಡೂ ಒಪ್ಪಿದ ಮಸೂದೆಯನ್ನು ಅಧ್ಯಕ್ಷನು ತಿರಸ್ಕರಿಸಬಲ್ಲ. ಆ ತಿರಸ್ಕಾರವನ್ನು ಎರಡು ಮನೆಗಳೂ ಮೂರರಲ್ಲೆರಡು ಪಾಲು ಮತದಿಂದ ಮೀರಬಲ್ಲವು. ಅಧ್ಯಕ್ಷನ ಮಂತ್ರಿಗಳು ಶಾಸನಸಭೆಯ ಸದಸ್ಯರಾಗಿರಕೂಡದು. ನಮ್ಮಲ್ಲಾದರೆ ಇಂಗ್ಲೆಂಡಿನ ಪದ್ಧತಿ. ಮಂತ್ರಿಯಾದವನು ಶಾಸಕನೂ ಆಗಿರಲೇಬೇಕು. ರಾಜ್ಯಾಂಗಕ್ಕೆ ವಿರುದ್ಧವಾದ ಕಾನೂನು ನಿರರ್ಥಕವೆಂದು ಅಲ್ಲಿನ ಪರಮೋಚ್ಚ ನ್ಯಾಯಾಲಯವು ೧೮೦೩ರಲ್ಲಿ ಸಾರಿತು. ಈ ಕಡೆಯ ಅಂಶವನ್ನು ವಕೀಲರಾದ ನಾವು ತುಸು ಹೆಚ್ಚಾಗಿಯೇ ಮೆಚ್ಚುತ್ತೇವೆ, ಕ್ಷಮೆಯಿರಲಿ.

ಇನ್ನು ನಮ್ಮ ಮುಖ್ಯ ವಿಷಯ. ಆ ರಾಜ್ಯಾಂಗದ ನಾಲ್ಕನೆಯ ವಿಧಿಯಂತೆ, ಒಂದು ಸಂಸ್ಥಾನದೊಳಗಿಂದ ಮತ್ತೊಂದನ್ನು ಸೀಳಬೇಕಾದರೂ, ಎರಡರ ಭಾಗಗಳನ್ನು ಕೂಡಿಸಬೇಕಾದರೂ, ಕಾಂಗ್ರೆಸ್ಸಿನ ಒಪ್ಪಿಗೆಯ ಜೊತೆಗೆ ಆಯಾ ಸಂಸ್ಥಾನದ ಶಾಸನಸಭೆಯ ಒಪ್ಪಿಗೆಯೂ ಬೇಕು. ವರ್ಜೀನಿಯಾ ಒಪ್ಪಿದುದರಿಂದ ೧೭೯೨ರಲ್ಲಿ ಕೆಂಟಕಿಯೂ, ಮ್ಯಾಸಚೂಸೆಟ್ಸ್ ಒಪ್ಪಿದುದರಿಂದ ೧೮೨೦ರಲ್ಲಿ ಮೇಯ್ನ್ ಸಂಸ್ಥಾನವೂ ಹುಟ್ಟಿದವು. ೧೮೬೩ರಲ್ಲಿ, ಅಂತರ್ಯುದ್ಧದ ನಡುವೆ, ಪಶ್ಚಿಮ ವರ್ಜೀನಿಯಾ ಹುಟ್ಟಿದಾಗ ದೊರೆತ ಒಪ್ಪಿಗೆ ನಿಜವಾದ ಒಪ್ಪಿಗೆಯೇ ಎಂಬುದು ನಮ್ಮ ವೃತ್ತಿಯವರಿಗೆ ತೀರದ ವಾದ.

ಈ ನಿಯಮವನ್ನು ನಮ್ಮ ಜಿಲ್ಲೆಯ ಮೇಲಿಟ್ಟು ನೋಡೋಣ. ಆಗ ಮಹಾರಾಜರ ಮೈಸೂರು ಸಂಸ್ಥಾನಕ್ಕೆ ಚಿತ್ರದುರ್ಗವು ಬಡಗಣ ಅಂಚು. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ. ಮೊಳಕಾಲ್ಮುರಿನಾಚೆ ಮದರಾಸಿಗೆ ಸೇರಿದ ಬಳ್ಳಾರಿ. ಅದರಾಚೆ ನಿಜಾಮರ ಸೀಮೆ. ಹೊಳೆಯ ಎರಡು ದಡದಲ್ಲಿಯೂ ಒಂದೇ ನುಡಿ, ಆದರೆ ಕಾನೂನು ಬೇರೆ, ಕಚೇರಿಯ ಭಾಷೆ ಬೇರೆ. ಶ್ರೀ ಎಸ್. ನಿಜಲಿಂಗಪ್ಪನವರು ೧೯೦೨ರಲ್ಲಿ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ, ಎಂದರೆ ಮದರಾಸಿನ ಆಳಿಕೆಯಲ್ಲಿ ಹುಟ್ಟಿ, ಈ ಊರಿನಲ್ಲಿ ವಕೀಲಿ ಮಾಡಿ, ೧೯೩೯ರ ತುರುವನೂರಿನ ಸತ್ಯಾಗ್ರಹದಲ್ಲಿ ಸೆರೆವಾಸ ಕಂಡವರು. ಅಂತಹವರಿಗೆ ಏಕೀಕರಣವು ಗ್ರಂಥದ ಮಾತಾಗಿರಲಿಲ್ಲ, ತವರಿನ ಮಾತಾಗಿತ್ತು.

ನಮ್ಮ ಸಂವಿಧಾನದ ಮೂರನೆಯ ಅನುಚ್ಛೇದವು ಬೇರೆ ದಾರಿ ಹಿಡಿಯಿತು. ಪಾರ್ಲಿಮೆಂಟು ಸಾಮಾನ್ಯ ಬಹುಮತದಿಂದಲೇ ಗಡಿಗಳನ್ನು ಬದಲಿಸಬಲ್ಲುದು. ರಾಜ್ಯದ ಶಾಸನಸಭೆಯನ್ನು ಅಭಿಪ್ರಾಯ ಕೇಳಬೇಕಾದುದುಂಟು, ಅದರಂತೆ ನಡೆಯಬೇಕಾದುದಿಲ್ಲ. ಆ ಅಧಿಕಾರದಿಂದಲೇ ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ೧೯೫೬ರ ನವೆಂಬರ್ ೧ರಂದು ಮುಂಬಯಿ, ಹೈದರಾಬಾದು, ಮದರಾಸುಗಳ ಕನ್ನಡ ಭಾಗಗಳೂ ಕೊಡಗೂ ಕೂಡಿದವು. ನಿಜಲಿಂಗಪ್ಪನವರು ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದರು. ಅಮೆರಿಕಾದ ನಿಯಮವಿದ್ದಿದ್ದರೆ ಇಷ್ಟು ಸರ್ಕಾರಗಳಲ್ಲಿ ಒಂದು ತಲೆಯಲ್ಲಾಡಿಸಿದ್ದರೂ ಸಾಕಿತ್ತು. ಹಳೆಯ ಮೈಸೂರಿನಲ್ಲಿಯೇ ಏಕೀಕರಣ ಬೇಡವೆಂದವರು ಕಡಿಮೆಯಿರಲಿಲ್ಲ. ಅದನ್ನು ಮುಚ್ಚಿಡುವುದು ನಮಗೆ ಶೋಭಿಸದು.

ಆದರೆ ಕೂಡಿಸಿದ ಕೈಯೇ ಕತ್ತರಿಸಿತು. ಆದವಾನಿ, ಆಲೂರು, ರಾಯದುರ್ಗಗಳು ೧೯೫೩ರಲ್ಲಿ ಆಂಧ್ರದ ಪಾಲಾದವು. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರಭಾಗವು ಕನ್ನಡನಾಡಿಗೆ ಸೇರಬೇಕೆಂದು ಮಹಾಜನ ಆಯೋಗವು ೧೯೬೭ರಲ್ಲಿ ಹೇಳಿದ ಮಾತು ಕಾಗದದಲ್ಲಿಯೇ ಉಳಿದಿದೆ. ೨೦೧೪ರಲ್ಲಿ ನೆರೆಯ ಆಂಧ್ರದ ಶಾಸನಸಭೆ ಬೇಡವೆಂದಿತು. ರಾಜ್ಯವು ಆದರೂ ಎರಡಾಯಿತು. ತೆಲಂಗಾಣದವರ ಸಂತೋಷವನ್ನು ನಾವು ಕರುಬುವುದಿಲ್ಲ, ನಾವೂ ಅದೇ ಬಾಗಿಲಿನಿಂದ ಬಂದವರು. ಆ ಬಾಗಿಲಿಗೆ ಅಗುಳಿಯಿಲ್ಲವೆಂಬುದಷ್ಟೇ ನಮ್ಮ ಅಳಲು.

ಅಗುಳಿಯಾಗಬೇಕಾದುದು ರಾಜ್ಯಸಭೆ. ಸೆನೆಟ್ಟಿಗೆ ಆಯ್ಕೆಯಾಗುವವನು ಆಯಾ ಸಂಸ್ಥಾನದ ನಿವಾಸಿಯಾಗಿರಲೇಬೇಕು. ನಮ್ಮಲ್ಲಿಯೂ ಅಂತಹ ನಿಯಮವಿತ್ತು. ೨೦೦೩ರ ತಿದ್ದುಪಡಿಯು ಅದನ್ನು ತೆಗೆದುಹಾಕಿತು. ಕರ್ನಾಟಕಕ್ಕಿರುವ ಹನ್ನೆರಡು ಸ್ಥಾನಗಳಿಗೆ ಈಗ ಭಾರತದ ಯಾವ ಮೂಲೆಯ ಮತದಾರನಾದರೂ ನಿಲ್ಲಬಹುದು. ಅಮೆರಿಕಾದ ನಿಷೇಧಾಧಿಕಾರವನ್ನು ನಾವು ಬೇಡುವುದಿಲ್ಲ. ಅದಿದ್ದಿದ್ದರೆ ನಾವು ಇಂದಿಗೂ ಹರಿದುಹಂಚಿಯೇ ಇರುತ್ತಿದ್ದೆವು. ಗಡಿಯ ಮಸೂದೆಗಳಿಗೆ ರಾಜ್ಯಸಭೆಯಲ್ಲಿ ಮೂರರಲ್ಲೆರಡು ಪಾಲು ಮತ ಬೇಕೆಂದೂ, ಅಲ್ಲಿ ಕೂರುವವರು ಆಯಾ ರಾಜ್ಯದವರೇ ಆಗಿರಬೇಕೆಂದೂ ಕೇಳುತ್ತೇವೆ. ಆ ಸದಸ್ಯರನ್ನು ಚುನಾಯಿಸುವವರು ತಮ್ಮ ಶಾಸಕರೇ. ಅವರು ಮುಂದಿನ ಸಲ ಬೆಂಗಳೂರಿಗೆ ಮತ ಹಾಕಲು ಹೊರಟಾಗ, ತಮ್ಮ ಅಭ್ಯರ್ಥಿಗೆ ಮೊಳಕಾಲ್ಮುರು ಯಾವ ದಿಕ್ಕಿನಲ್ಲಿದೆಯೆಂಬುದು ಗೊತ್ತೇ ಎಂದು ದಯವಿಟ್ಟು ವಿಚಾರಿಸಿರಿ.