ಶಾಲೆ ಕಲಿಸದ ಮೂರು ಕಾಗದಗಳು

(ಎನ್. ಬೇಗೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಕತ್ತಲಾಗುವುದರೊಳಗೆ ಎಲ್ಲರೂ ಮನೆ ಸೇರಬೇಕು, ಆನೆ ಬರುವ ಹೊತ್ತು ಎಂದು ನೀವು ಆಗಲೇ ಹೇಳಿದ್ದೀರಿ. ಹಾಗಾಗಿ ಚಿಕ್ಕದಾಗಿ ಮಾತಾಡುತ್ತೇನೆ. ಕಾಡಂಚಿನ ಈ ಊರಿನ ಮಕ್ಕಳಿಗೆ ಆನೆ ಎದುರಾದರೆ ಏನು ಮಾಡಬೇಕೆಂದು ಪಠ್ಯಪುಸ್ತಕಕ್ಕಿಂತ ಮೊದಲು ನೀವೇ ಕಲಿಸಿದ್ದೀರಿ. ಅಪಾಯ ಇದೆ ಎಂದು ಗೊತ್ತಿದ್ದರಿಂದ ಕಲಿಸಿದಿರಿ. ಮದುವೆಯಾಗಿ ಹೋದ ಮನೆಯೊಳಗೆ ಇರಬಹುದಾದ ಅಪಾಯವೂ ನಮಗೆ ಗೊತ್ತು. ಅದನ್ನು ಮಾತ್ರ ಮನೆಯಲ್ಲೂ ಹೇಳುವುದಿಲ್ಲ, ಶಾಲೆಯಲ್ಲೂ ಹೇಳುವುದಿಲ್ಲ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು. ನಿವೃತ್ತಿಗೆ ಕೆಲವು ವರ್ಷ ಮೊದಲು ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಬಿ.ಎ.ಯಲ್ಲಿ ಮೊದಲ ದರ್ಜೆ ಪಡೆದಿದ್ದವಳು. ಸೆರಗು ಸರಿಸಿದಾಗ ತೋಳಿನ ಮೇಲೆ ಬೆಲ್ಟಿನ ಬಾಸುಂಡೆ. ಪೊಲೀಸರಿಗೆ ಕೊಡಲು ದೂರು ಬರೆದುಕೊಂಡು ಬಂದಿದ್ದಳು. ಓದಿದೆ. ‘ಮಾನ್ಯರೇ, ನನಗೆ ಮನೆಯಲ್ಲಿ ಸ್ವಲ್ಪ ತೊಂದರೆ ಇರುವುದರಿಂದ ತಾವು ದಯಮಾಡಿ ಸಹಾಯ ಮಾಡಬೇಕಾಗಿ ಕೇಳಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯಳು.’ ಅಷ್ಟೇ. ಯಾರು ಹೊಡೆದರು, ಯಾವತ್ತು, ಯಾತರಿಂದ, ತವರಿನಿಂದ ಏನು ತಾ ಎಂದರು, ಒಂದೂ ಇರಲಿಲ್ಲ. ಅದು ರಜಾ ಅರ್ಜಿಯ ಒಕ್ಕಣೆ. ಹದಿನೈದು ವರ್ಷ ಓದಿಸಿ ನಾವು ಅವಳಿಗೆ ಕಲಿಸಿದ್ದ ಅರ್ಜಿ ಅದೊಂದೇ.

ಬದುಕಿಗೆ ಬೇಕಾದ್ದನ್ನು ಶಾಲೆಯಲ್ಲಿ ಕಲಿಸಿ ಎಂದರೆ ಹೆಣ್ಣುಮಕ್ಕಳಿಗೆ ಹೊಲಿಗೆ, ಕಸೂತಿ, ಈಚೆಗೆ ಕರಾಟೆ ಎನ್ನುತ್ತಾರೆ. ಬೇಡವೆನ್ನುವುದಿಲ್ಲ. ನಾನು ಕೇಳುವುದು ಎಂಟರಿಂದ ಹತ್ತನೇ ತರಗತಿಯವರೆಗೆ ವಾರಕ್ಕೆ ಒಂದೇ ಒಂದು ಪಿರಿಯಡ್. ಅದರಲ್ಲಿ ಮೂರು ಕಾಗದಗಳನ್ನು ಓದಲು, ಬರೆಯಲು ಕಲಿಸಲಿ.

ಮೊದಲನೆಯದು ಮದುವೆಯ ಉಡುಗೊರೆ ಪಟ್ಟಿ. ವರದಕ್ಷಿಣೆ ನಿಷೇಧ ಕಾನೂನು ಬಂದದ್ದು 1961ರಲ್ಲಿ. ಅದರಡಿ 1985ರಲ್ಲಿ ಮಾಡಿದ ನಿಯಮದ ಪ್ರಕಾರ ಹೆಣ್ಣಿಗೆ ಬಂದ ಪ್ರತಿ ಉಡುಗೊರೆಯ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಬರೆದು ಗಂಡು ಹೆಣ್ಣು ಇಬ್ಬರೂ ಸಹಿ ಮಾಡಬೇಕು. ಆ ಪಟ್ಟಿ ಹೆಣ್ಣಿನ ಕೈಯಲ್ಲೇ ಇರಬೇಕು. ಓದು ಬಾರದವಳಿಗೆ ಓದಿ ಹೇಳಿದ ಮೇಲೆ ಹೆಬ್ಬೆಟ್ಟು. ಹಾಗೆಂದು ಕೇಳಿ ಪಡೆದ ವರದಕ್ಷಿಣೆ ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಉಡುಗೊರೆಯಾಗುವುದಿಲ್ಲ, ಅಪರಾಧವಾಗಿಯೇ ಉಳಿಯುತ್ತದೆ. ನನ್ನ ವಿದ್ಯಾರ್ಥಿನಿಯ ಬಳಿ ಪಟ್ಟಿ ಇರಲಿಲ್ಲ. ಅವಳ ತಾಯಿ ಹಾಕಿದ ಒಡವೆ ಕೇಳಲು ಹೋದಾಗ ಗಂಡನ ಮನೆಯವರು ಕೇಳಿದ್ದು, ‘ಯಾವ ಒಡವೆ?’

ಎರಡನೆಯದು ಹಕ್ಕು ಬಿಡುಗಡೆ ಪತ್ರ. ಇಲ್ಲಿ ನನ್ನ ಕತೆಯನ್ನೇ ಹೇಳಬೇಕು. 1994ರಲ್ಲಿ ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಕ್ಕೆ ಪಾಲು ಕೊಟ್ಟಿತು. ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದ ನಮಗೂ ಕೊಟ್ಟಿತು. 2007ರಲ್ಲಿ ನಾನು ಅದನ್ನು ಸಹಿ ಹಾಕಿ ಬಿಟ್ಟುಕೊಟ್ಟೆ. ‘ಖಾತೆ ಬದಲಾಯಿಸೋದಕ್ಕೆ’ ಎಂದು ಅಣ್ಣ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಮಾಡಿದೆ. ಎಂ.ಎ. ಓದಿದ್ದೆ, ಆ ಕಾಗದ ಓದಲಿಲ್ಲ. ಓದಿದರೆ ಅಣ್ಣನನ್ನು ನಂಬದ ಹಾಗಾಗುತ್ತದಲ್ಲ ಎಂಬ ಸಂಕೋಚ. ನನಗೆ ಸಂಬಳವಿತ್ತು, ನಡೆಯಿತು. ಏಟು ತಿಂದು ತವರಿಗೆ ಬರುವವಳಿಗೆ ಆ ಸಹಿ ಎಂದರೆ ತಲೆಯ ಮೇಲಿನ ಸೂರು.

ಮೂರನೆಯದು ದೂರು. ದಿನಾಂಕ, ವೇಳೆ, ಜಾಗ, ಹೊಡೆದವರ ಹೆಸರು, ಏಟು ಬಿದ್ದದ್ದೆಲ್ಲಿ, ಕಂಡವರಾರು, ಇಷ್ಟನ್ನು ಸಂಕೋಚವಿಲ್ಲದೆ ಬರೆಯುವುದು. ಎಫ್.ಐ.ಆರ್. ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕೆಂದು ತಿಳಿದಿರುವುದು. ಗಂಡನ, ಅವನ ಮನೆಯವರ ಕ್ರೌರ್ಯಕ್ಕಿದ್ದ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳಿವೆ. 2005ರ ಕೌಟುಂಬಿಕ ಹಿಂಸೆ ಕಾನೂನಿನಡಿ, ನೀವು ಅಂಗನವಾಡಿ ಕೆಲಸಕ್ಕೆ ಕಾಣುವ ಸಿ.ಡಿ.ಪಿ.ಓ. ಅವರೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿ ವಕೀಲರನ್ನು ಉಚಿತವಾಗಿ ಕೊಡುತ್ತದೆ. ಸಹಾಯವಾಣಿ 181. ಇದಿಷ್ಟು ಹದಿನಾಲ್ಕನೇ ವಯಸ್ಸಿಗೆ ತಿಳಿಯಲಾರದ ವಿದ್ಯೆಯೇ?

ಈ ಪಾಠಕ್ಕೆ ಹುಡುಗರನ್ನು ಆಟದ ಬಯಲಿಗೆ ಕಳಿಸಬಾರದು. ಪಟ್ಟಿಗೆ ಸಹಿ ಮಾಡುವವನು, ತಂಗಿಯಿಂದ ಸಹಿ ಹಾಕಿಸುವವನು ಅದೇ ಬೆಂಚಿನಲ್ಲಿ ಕೂತಿರುತ್ತಾನೆ. ವರದಕ್ಷಿಣೆ ತೆಗೆದುಕೊಂಡರೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಎಂದು ಅವನೂ ಓದಲಿ. ಹಳೇ ಮೈಸೂರಿನ ಎಷ್ಟೋ ಸಮುದಾಯಗಳಲ್ಲಿ ಅಜ್ಜಿಯರ ಕಾಲಕ್ಕೆ ಗಂಡಿನ ಕಡೆಯವರೇ ತೆರ ಕೊಡುತ್ತಿದ್ದರು. ತೆರವೂ ಹೆಣ್ಣಿಗೆ ಕಟ್ಟಿದ ಬೆಲೆಯೇ, ಹೊಗಳುತ್ತಿಲ್ಲ. ಆದರೆ ಹಿರಿಯರಿಂದ ಬಂದ ಪದ್ಧತಿ ಎಂದು ವರದಕ್ಷಿಣೆ ಕೇಳುವವನಿಗೆ ಅವನ ಹಿರಿಯರು ಏನು ಮಾಡುತ್ತಿದ್ದರೆಂದು ಗೊತ್ತಿರಲಿ.

ಯಾರು ಕಲಿಸುತ್ತಾರೆ ಎಂದು ಕೇಳಬೇಡಿ. ನಡಾವಳಿ ಪುಸ್ತಕ ಓದಿ ಹೇಳದೆ ನಿಮ್ಮ ಸಂಘದಲ್ಲಿ ಯಾರೂ ಸಹಿ ಹಾಕುವುದಿಲ್ಲ. ಬ್ಯಾಂಕಿನ ಸಾಲದ ಕಾಗದವನ್ನು ಎರಡು ಸಲ ಓದಿಸುತ್ತೀರಿ. ನನಗೆ ಎಂ.ಎ. ಕಲಿಸದ್ದನ್ನು ನಿಮಗೆ ಸಂಘ ಕಲಿಸಿದೆ. ನಲವತ್ತಕ್ಕೆ ಕಲಿತದ್ದನ್ನು ನಿಮ್ಮ ಮಕ್ಕಳು ಹದಿನಾಲ್ಕಕ್ಕೆ ಕಲಿಯಲಿ.

ಮುಂದಿನ ವಾರದ ಸಭೆಯಲ್ಲಿ ಒಂದು ಠರಾವು ಬರೆಯಿರಿ: ನಮ್ಮ ಶಾಲೆಯಲ್ಲಿ ಈ ಪಿರಿಯಡ್ ಬೇಕು, ಪಾಠದ ದಿನ ಸಂಘದಿಂದ ಇಬ್ಬರು ಬಂದು ಕೂರುತ್ತೇವೆ. ಅದನ್ನು ಎಸ್.ಡಿ.ಎಂ.ಸಿ.ಗೂ ಮುಖ್ಯೋಪಾಧ್ಯಾಯರಿಗೂ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ, ಮೊಹರು ಹಾಕಿಸಿಕೊಳ್ಳಿ.

ನನ್ನ ವಿದ್ಯಾರ್ಥಿನಿ ಅಂದು ನಮ್ಮ ಊಟದ ಮೇಜಿನ ಮೇಲೆ ದೂರನ್ನು ಹೊಸದಾಗಿ ಬರೆದಳು. ನಾಲ್ಕು ಪುಟವಾಯಿತು. ಈಗ ದುಡಿದು ಬದುಕುತ್ತಿದ್ದಾಳೆ. ಒಡವೆ ಮಾತ್ರ ಬರಲಿಲ್ಲ.

ಹೊತ್ತಾಯಿತು, ಹೊರಡೋಣ.