ಹುಳ ಬೀಳದ ಗಿಡ ಯಾರಿಗೆ ಬೇಕು?



ನರ್ಸರಿಗೆ ಹೋದರೆ ಕೆಲವು ಗಿಡಗಳ ಬಗ್ಗೆ ಒಂದು ಹೊಗಳಿಕೆ ಕೇಳುತ್ತೀರಿ: "ಇದಕ್ಕೆ ಹುಳ ಬೀಳಲ್ಲ, ದನ ಬಾಯಿ ಹಾಕಲ್ಲ, ಎಲೆ ಉದುರಲ್ಲ." ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಹೊಸ ಮನೆ ಕಟ್ಟಿಸಿದವರಿಗೆ ಇದು ಹಿತವಾದ ಮಾತು. ನನಗೆ ಮಾತ್ರ ಅದು ಗಿಡದ ಮೇಲಿನ ದೂರಿನಂತೆಯೇ ಕೇಳುತ್ತದೆ. ಗುಬ್ಬಚ್ಚಿ ಕಾಳು ತಿಂದು ಬದುಕುತ್ತದೆ, ನಿಜ. ಮರಿಗೆ ಉಣಿಸುವುದು ಹುಳುವನ್ನು. ಹುಳ ಇಲ್ಲದ ಬೀದಿಯಲ್ಲಿ ಅದು ಗೂಡು ಕಟ್ಟಿ ಏನು ಮಾಡಬೇಕು? ಇಂಥದೇ ಹೊಗಳಿಕೆ ನಂಬಿ, ಬೇಗ ಬೆಳೆದು ಸದಾ ಹಸಿರಾಗಿರುತ್ತದೆಂದು ಊರೂರಲ್ಲಿ ನೆಟ್ಟಿದ್ದ ಕೋನೋಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು.

ನಮ್ಮ ಸೀಮೆಯ ಹೊಂಗೆಯನ್ನು ನೋಡಿ. ಯುಗಾದಿಯ ಹೊತ್ತಿಗೆ ಚಿಗುರು, ಅದರ ಬೆನ್ನಿಗೇ ಹೂವು, ಹೂವಿನ ತುಂಬ ಜೇನು. ಎಲೆಯಲ್ಲಿ ಗಂಟು, ಗೆರೆ, ತೂತು ಇದ್ದೇ ಇರುತ್ತವೆ; ಮರ ಅದಕ್ಕೆಲ್ಲ ಜಗ್ಗುವುದಿಲ್ಲ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಅರಕಲಗೂಡು, ಹೊಳೆನರಸೀಪುರದ ಗದ್ದೆಗಳಲ್ಲಿ ಹೊಂಗೆ ಸೊಪ್ಪು ತುಳಿಯುತ್ತಿದ್ದುದು ಸುಮ್ಮನೆ ಅಲ್ಲ. ಹಾಸನದ ಹತ್ತಿರದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹೊಂಗೆ ಬೀಜದಿಂದ ಇಂಧನವನ್ನೇ ತೆಗೆದು ತೋರಿಸಿದ್ದಾರೆ. ಪೇಟೆಯಲ್ಲಿ ನಾವು ಅದೇ ಸೊಪ್ಪನ್ನು ಗುಡಿಸಿ ಬೆಂಕಿ ಇಡುತ್ತೇವೆ!

ಪಾರ್ಕು, ಕೆರೆಯಂಗಳದ ಅಂಚು, ಹೀಗೆ ಜಾಗ ದೊಡ್ಡದಿದ್ದರೆ ಅತ್ತಿ, ಆಲ, ಅರಳಿ ಹಾಕಬೇಕು. ಮನೆ ಗೋಡೆಯ ಪಕ್ಕ ಬೇಡ. ಈ ಮರಗಳ ಪರಾಗ ಒಯ್ಯುವುದು ಒಂದೆರಡು ದಿನವಷ್ಟೇ ಬದುಕುವ ಪುಟ್ಟ ಕಣಜ. ಅದು ಒಂದು ಮರದಿಂದ ಹೊರಟಾಗ ಅದೇ ಜಾತಿಯ ಇನ್ನೊಂದು ಮರದಲ್ಲಿ ಎಳೆಗಾಯಿ ಸಿಗಲೇಬೇಕು. ಅದಕ್ಕೇ ಒಂದೊಂದು ಮರ ಒಂದೊಂದು ಕಾಲಕ್ಕೆ ಕಾಯಿ ಬಿಡುತ್ತದೆ. ಬೇರೆಲ್ಲೂ ಹಣ್ಣಿಲ್ಲದ ತಿಂಗಳಲ್ಲಿ ಕುಟ್ರುಹಕ್ಕಿ, ಕೋಗಿಲೆ, ಬಾವಲಿಗಳ ಹೊಟ್ಟೆ ತುಂಬುವುದು ಇವುಗಳಿಂದ. ಹಾಗಾಗಿ ಊರಿಗೊಂದು ಮರ ಸಾಲದು.

ಸಣ್ಣ ಸೈಟಿನವರಿಗೆ ಕರಿಬೇವು, ನಿಂಬೆ ಸಾಕು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳ ಕಂಡರೆ ಔಷಧಿ ಹೊಡೆಯಬೇಡಿ, ಅದು ಚಿಟ್ಟೆಯಾಗಲಿದೆ.

ಇನ್ನು ನೆಲ. ಮೂವತ್ತು ನಲವತ್ತರ ಸೈಟಿನ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 78,000 ಲೀಟರ್ ನೀರಾಯಿತು. ಮನೆ ಬಿಟ್ಟು ಉಳಿದ ಅಂಗಳಕ್ಕೂ ಸಿಮೆಂಟು ಬಳಿದರೆ ಅದೆಲ್ಲ ಚರಂಡಿಗೆ. ಮರದ ಬುಡದವರೆಗೂ ಟೈಲ್ಸ್ ಕೂರಿಸುವುದಂತೂ ನನಗೆ ಅರ್ಥವಾಗದ ಸಂಗತಿ. ಸುತ್ತ ಎರಡು ಮೊಳ ಮಣ್ಣು ಬಿಡಿ. ಗುಡಿಸಿದ ಎಲೆಯನ್ನು ಅಲ್ಲಿಗೇ ಸುರಿಯಿರಿ.